ಹಂಚಿನ ಕಾರ್ಖಾನೆಗೆ ಐಎಸ್‌ಒ ಬಂದದ್ದು

ಐಎಸ್‌ಒ ಸರ್ಟಿಫಿಕೇಟಿನ ಆಸೆ ಹುಟ್ಟಿದ ಮೇಲೆ ನಮ್ಮ ಹಂಚಿನ ಕಾರ್ಖಾನೆಯಲ್ಲಿ ನಗೆಪಾಟಲಿನ ಸಂಗತಿಗಳಿಗೆ ಬರವಿರಲಿಲ್ಲ. ಬರವಿದ್ದದ್ದು ಆರ್ಡರಿಗೆ. ಇಸವಿ ಎರಡು ಸಾವಿರದ ಆಸುಪಾಸು. ಕುಂದಾಪುರದ ಸುತ್ತ ಎಲ್ಲರೂ ತಾರಸಿ ಮನೆ ಕಟ್ಟಿಸುತ್ತಿದ್ದರು. ಹಂಚು ಸುಡುವ ನಮ್ಮ ಎರಡು ಭಟ್ಟಿಗಳಲ್ಲಿ ಒಂದು ಆಗಲೇ ತಣ್ಣಗಾಗಿತ್ತು. "ಸರ್ಟಿಫಿಕೇಟ್ ಒಂದ್ ಬರ್ಲಿ, ಎರಡ್ನೇದಕ್ಕೂ ಬೆಂಕಿ ಹಾಕುವ" ಎಂದರು ಧಣಿಗಳು. ಸುಪರ್‌ವೈಸರ್ ಆಗಿದ್ದ ನಾನು ನಂಬಿದೆ. ಹಂಚು ಹೊರುವ ಹೆಂಗಸರೂ ನಂಬಿದರು. ಅವರಿಗೆ ಬೇರೆಲ್ಲೂ ಕೆಲಸವಿರಲಿಲ್ಲ.

ಕಾಯಿ

ಸಲಹೆ ಕೊಡಲು ಬಂದವರು, "ಮಾಡುವುದನ್ನೆಲ್ಲ ಬರೆಯಿರಿ, ಬರೆದದ್ದನ್ನೇ ಮಾಡಿ" ಎಂದು ಹೇಳಿ ಹೋದರು. ಧಣಿಗಳು ಅದನ್ನು ಶಿರಸಾವಹಿಸಿದರು.

"ಬೆಂಕಿ ಹಾಕುಕ್ ಮುಂಚೆ ಆನೆಗುಡ್ಡೆ ಗಣಪತಿ ಹೆಸರಲ್ ಕಾಯಿ ಒಡಿತಿಲ್ಯಾ? ಅದ್ ಬಿಟ್ರೆ ಸುಳ್ಳ್ ಬರ್ದಂಗಾತ್ತ್ ಮರಾಯಾ."

ಬರೆದೆ. ತಪಾಸಣೆಗೆ ಬಂದ ಆಡಿಟರ್ ಅದನ್ನು ಗಂಭೀರವಾಗಿ ಓದಿದರು.

"ಕಾಯಿ ಕೊಳೆತಿದ್ದರೆ?"

"ಬೇರೆ ಒಡೆಯುತ್ತೇವೆ ಸಾರ್."

"ಅದನ್ನು ಎಲ್ಲಿ ಬರೆದಿದ್ದೀರಿ?"

ಬರೆದಿರಲಿಲ್ಲ. ಹಂಚಿನಲ್ಲಿ ಒಂದು ಕೊಂಕೂ ಸಿಗದ ಕಾರ್ಖಾನೆಗೆ ಮೊದಲ ಲೋಪ ಬಿದ್ದದ್ದು ಕಾಯಿಯಿಂದ. ಅಂದಿನಿಂದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಪಾಸು ಮಾಡುವುದು ಅಧಿಕೃತವಾಗಿ ನನ್ನ ಕೆಲಸವಾಯಿತು.

ಬಾಯಿಪಾಠ

ಕಾರ್ಖಾನೆಯ ಗುಣಮಟ್ಟ ನೀತಿಯನ್ನು ಎಲ್ಲರೂ ಬಾಯಿಪಾಠ ಮಾಡಬೇಕಿತ್ತು. ಹಂಚು ಹೊರುವ ಅಕ್ಕ ಒಬ್ಬರು ತಲೆಯ ಮೇಲಿನ ಹೊರೆ ಇಳಿಸದೆಯೇ ಆಡಿಟರಿಗೆ ಒಪ್ಪಿಸಿದರು: "ಗ್ರಾಹಕರ ತೃಪ್ತಿಯೇ ನಮ್ಮ ಗುರಿ."

"ಭೇಷ್! ಏನಾದರೂ ಕೇಳಬೇಕಾ?"

"ಎಂತ ಇಲ್ಲೆ. ಹೊರುವರ್ ತೃಪ್ತಿ ಎಷ್ಟನೇ ಪುಟದಲ್ ಇತ್ತ್?"

ಆಡಿಟರ್ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಗಿರಾಕಿ

ಸರ್ಟಿಫಿಕೇಟ್ ಬಂತು. ಕಟ್ಟು ಹಾಕಿಸಿ ಗೋಡೆಗೆ ಏರಿಸಿದೆವು, ಲಾಡು ಹಂಚಿದೆವು. ಆರ್ಡರ್ ಮಾತ್ರ ಬರಲಿಲ್ಲ. ಮರುವರ್ಷ ಉಳಿದೊಂದು ಭಟ್ಟಿಯೂ ನಿಂತುನಿಂತು ಉರಿಯುತ್ತಿತ್ತು. ಆಡಿಟ್ ಮತ್ತೆ ಹತ್ತಿರ ಬಂದಿತ್ತು. ಗಿರಾಕಿಗಳನ್ನು ಕಂಡು ಅಭಿಪ್ರಾಯ ಕೇಳಿ ಫಾರ್ಮಿನಲ್ಲಿ ಬರೆಯಲೇಬೇಕು. "ಕೇಳ್ತಾ ಕೇಳ್ತಾ ಆರ್ಡರೂ ಹಿಡಿವ" ಎಂದು ಧಣಿಗಳೇ ನನ್ನ ಜೊತೆ ಹೊರಟರು.

ಬೀಜಾಡಿಯಲ್ಲಿ ನಮ್ಮ ಹಂಚು ಹೊದಿಸಿದ ಒಂದು ಮನೆಗೆ ಹೋದೆವು. ಮನೆಯ ಯಜಮಾನರು ಬಾಗಿಲಲ್ಲೇ ಕೈಮುಗಿದರು.

"ಹ್ವಾಯ್, ಬನಿ ಬನಿ! ಹಂಚ್ ನಮ್ಮ ಅಪ್ಪಯ್ಯ ಹಾಕ್ಸದ್. ಕಡಲ ಗಾಳಿಗೂ ಒಂದ್ ಹಾರ್ಲಿಲ್ಲ, ಒಂದ್ ಸೋರ್ಲಿಲ್ಲ."

ಜಗಲಿಯಲ್ಲಿ ಚಹಾ ಹಿಡಿದು ಕುಳಿತ ಧಣಿಗಳ ಮುಖ ಅರಳಿತು. "ಹಂಗಾರೆ ಹೊಸ್ತ್ ಎಷ್ಟ್ ಕಳಿಸುವ?"

"ಹೊಸ್ತ್ ಎಂತಕೆ? ಒಡದ್ರಲ್ದಾ ಹೊಸ್ತ್ ಬೇಕಾಪ್ದ್?"

ಧಣಿಗಳು ಚಹಾದ ಲೋಟ ಕೆಳಗಿಟ್ಟರು. ಯಜಮಾನರಿಗೆ ಮಾತ್ರ ಉತ್ಸಾಹ ಇನ್ನೂ ಇಳಿದಿರಲಿಲ್ಲ.

"ನೀವೇ ಬಂದದ್ ಒಳ್ಳೇದಾಯ್ತ್ ಕಾಣಿ. ಬಪ್ಪ ತಿಂಗ್ಳ್ ಇದನ್ನೆಲ್ಲ ಇಳ್ಸಿ ತಾರಸಿ ಹಾಕ್ಸುದ್. ಹಂಚೆಲ್ಲ ಹೊಸ್ತರಂಗೇ ಇತ್ತ್. ನೀವೇ ವಾಪಾಸ್ ತಕಂತ್ರಿಯಾ?"

ಧಣಿಗಳು ತಲೆಯೆತ್ತಿ ಮಾಡಿನ ಮೇಲಿನ ತಮ್ಮ ಹಂಚನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಪೂರ್ತಿ ತೃಪ್ತಿ ಅಂದೇಳಿ ಬರಿ ಮರಾಯಾ. ನಾಳಿಂದ ಯಾರೂ ಕೆಲ್ಸಕ್ ಬಪ್ದ್ ಬ್ಯಾಡ."