ಮಾವನ ಬಂಕರಿನಲ್ಲಿ ಒಗೆಯೋ ಕಲ್ಲು

ನನ್ನ ಸೋದರಮಾವನನ್ನು ಪೊಲೀಸರು ಹಿಡಿದುಕೊಂಡು ಹೋದರೆ ಬಿಡಿಸಿಕೊಂಡು ಬರಲು ನಾನಂತೂ ಹೋಗುವುದಿಲ್ಲ. ಹೋದರೂ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಜಗ್ಗಿ ನೋಡಿ ಬರುತ್ತೇನೆ, ಅಷ್ಟೇ. ಅಂಥದ್ದೇನು ಮಾಡಿದ ಮಹಾನುಭಾವ ಅಂತೀರಾ? ಗಾಲ್ಫ್ ಆಡ್ತಾನೆ ಸ್ವಾಮಿ, ಗಾಲ್ಫ್! ಅದೂ ಗುಬ್ಬಿ ತಾಲ್ಲೂಕಿನಲ್ಲಿ!

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ರಿಟೈರಾದ ದಿನ ಅಲ್ಲಿನ ದೊಡ್ಡ ಸಾಹೇಬರು ಹಾರ, ಶಾಲಿನ ಜೊತೆಗೆ ತಮ್ಮ ಹಳೇ ಗಾಲ್ಫ್ ಕೋಲುಗಳ ಚೀಲವನ್ನೂ ಹೊರಿಸಿ ಕಳಿಸಿದರು. ಬೇರೆಯವರಾಗಿದ್ದರೆ ಅದರಲ್ಲಿ ನಾಯಿ ಓಡಿಸಿಕೊಂಡು ಇರುತ್ತಿದ್ದರು. ಇವನು ಹಾಗಲವಾಡಿ ಕಡೆಯ ತನ್ನ ತೆಂಗಿನ ತೋಟದಲ್ಲಿ ಚೆಂಡು ಬೀಳಿಸಲು ನಾಲ್ಕು ಕುಳಿ ತೆಗೆದು, ನಡುನಡುವೆ ಬಂಕರ್ ತೋಡಿಬಿಟ್ಟ. ಬಂಕರ್ ಅಂದರೆ ಚೆಂಡು ಬಂದು ಸಿಕ್ಕಿಹಾಕಿಕೊಳ್ಳಲಿ ಎಂದೇ ಮರಳು ತುಂಬಿದ ಗುಂಡಿ. ಆಮೇಲೆ ಮೊಬೈಲಿನಲ್ಲಿ ರೂಲು ಓದಲು ಕೂತ. ಅಲ್ಲಿಗೆ ನನ್ನ ಭಾನುವಾರಗಳು ಮಣ್ಣುಪಾಲಾದವು. ಅವನ ಜೊತೆ ಆಡಲು ನನ್ನಷ್ಟು ತಲೆಕೆಟ್ಟವನು ಇನ್ಯಾರಿದ್ದಾರೆ? ತುಮಕೂರಿನಿಂದ ಬೈಕಿನಲ್ಲಿ ಹೋಗುತ್ತೇನೆ, ಸೋಲುತ್ತೇನೆ. ಸೋತವನು ಬಂಕರುಗಳ ಮರಳನ್ನೆಲ್ಲ ಎಳೆದು ಸಮ ಮಾಡಬೇಕು, ಅದು ಅವನದೇ ಕಾನೂನು. ಒಂದೇ ಒಂದು ಸಲ ಗೆದ್ದು, ಅವನು ಬಿಸಿಲಲ್ಲಿ ಮರಳು ಎಳೆಯುವುದನ್ನು ಎಳನೀರು ಕುಡಿಯುತ್ತಾ ನೋಡಬೇಕು. ಜೀವನದಲ್ಲಿ ನನಗೀಗ ಬೇರೆ ಆಸೆಯೇ ಉಳಿದಿಲ್ಲ.

ಒಮ್ಮೆ ಬಂಕರಿನಲ್ಲಿ ನನ್ನ ಚೆಂಡಿಗೆ ಒಣಗಿದ ತೆಂಗಿನ ಗರಿ ತಾಗಿಕೊಂಡಿತ್ತು. ಎಳೆದು ಬಿಸಾಕಿದೆ. ಚೆಂಡು ಅರ್ಧ ಉರುಳು ಉರುಳಿತು. ನನ್ನ ಲೆಕ್ಕಕ್ಕೆ ಒಂದೇಟು ದಂಡ ಹಾಕಿದ! ಕಡಿಮೆ ಏಟಿಗೆ ಮುಗಿಸಿದವನೇ ಗೆಲ್ಲುವ ಆಟ ಇದು. ಮುಂದಿನ ವಾರ ಅವನ ಚೆಂಡು ಅದೇ ಗುಂಡಿಯಲ್ಲಿ, ತೋಟದ ಕೆಲಸದವಳು ಮರೆತು ಹೋಗಿದ್ದ ಕಡ್ಡಿಪೊರಕೆಗೆ ಒರಗಿತ್ತು. ಪೊರಕೆ ಎತ್ತಿದ, ಚೆಂಡು ಉರುಳಿತು, ತಣ್ಣಗೆ ತಂದು ಇದ್ದಲ್ಲೇ ಇಟ್ಟುಕೊಂಡ. ದಂಡ ಎಲ್ಲಿ ಅಂದರೆ, ಗರಿ ಮರ ಉದುರಿಸಿದ್ದು, ಪೊರಕೆ ಮನುಷ್ಯ ಕಟ್ಟಿದ್ದು, ಮನುಷ್ಯ ಮಾಡಿದ್ದನ್ನು ತೆಗೆಯುವಾಗ ಚೆಂಡು ಅಲ್ಲಾಡಿದರೆ ತಪ್ಪಿಲ್ಲವಂತೆ. ಎರಡೂ ಒಂದೇ ಮರದ್ದಲ್ಲವೇ ಎಂದು ಗಂಟಲು ಹರಿದುಕೊಂಡೆ. ಅದರ ಮುಂದಿನ ಭಾನುವಾರ ಜೇಬಿನಲ್ಲಿ ಒಂದು ಸುರುಳಿ ಹುರಿ ಇಟ್ಟುಕೊಂಡು ಹೋದೆ. ಚೆಂಡಿನ ಪಕ್ಕ ಬಿದ್ದ ಗರಿಗಳನ್ನು ಕಟ್ಟಿ ಪೊರಕೆ ಮಾಡಿದರಾಯಿತಲ್ಲ! ಆ ದಿನ ಹಾಳಾದ್ದು ಒಂದು ಗರಿಯೂ ಬೀಳಲಿಲ್ಲ.

ಇನ್ನೊಂದು ಬಂಕರಿನಲ್ಲಿ ಡ್ರಿಪ್ ಪೈಪಿನ ಸಿಮೆಂಟ್ ಪೆಟ್ಟಿಗೆ ಇದೆ. ಅಲ್ಲಾಡದ ವಸ್ತು. ಅದು ಅಡ್ಡಿಯಾದರೆ ದಂಡವಿಲ್ಲದೆ ಚೆಂಡು ಸರಿಸಿಕೊಳ್ಳಬಹುದು ಎಂದ. ಅಬ್ಬಾ, ಮಾವನಿಗೂ ಹೃದಯವಿದೆ ಎಂದು ಚೆಂಡನ್ನು ಹುಲ್ಲಿನ ಮೇಲೆ ತಂದಿಟ್ಟೆ. ಪುಣ್ಯಾತ್ಮ ಓಡಿ ಬಂದ. ಪುಕ್ಕಟೆ ಸರಿಸುವುದಾದರೆ ಅದೇ ಗುಂಡಿಯೊಳಗೆ, ಕುಳಿಗೆ ಹತ್ತಿರವಾಗದ ಹಾಗೆ, ಮಂಡಿಯೆತ್ತರದಿಂದ ಬೀಳಿಸಬೇಕು. ಗುಂಡಿಯಿಂದ ಆಚೆ ತಂದರೆ ಒಂದೇಟು ದಂಡ. ಹೃದಯವಂತೆ ಹೃದಯ!

ಅತ್ತೆ ಇದ್ದಾಗ ಇವನನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಳು. ಕೊನೆಯ ಕುಳಿಯ ಹತ್ತಿರವೇ ಅವಳ ಒಗೆಯೋ ಕಲ್ಲು. ಚೆಂಡು ಆ ಕಡೆ ಬಂದರೆ ಎತ್ತಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿಕೊಂಡು, ಬಟ್ಟೆಯೆಲ್ಲ ಒಗೆದಾದ ಮೇಲೆ ಕೊಡುತ್ತಿದ್ದಳು. "ಅಡ್ಡ ಬರ್ಬೇಡ ಕಣೇ, ಅತ್ಲಾಗೆ ಸರ್ಕೋ" ಎಂದು ಮಾವ ಕೂಗುವುದು ರಸ್ತೆಗೇ ಕೇಳುತ್ತಿತ್ತು. ಅವಳು ಜಪ್ಪಯ್ಯ ಅನ್ನುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡಳು. ಆಮೇಲೆ ಮಾವ ಆ ಕಲ್ಲಿನ ಸುತ್ತ ಇನ್ನೊಂದು ಬಂಕರ್ ತೋಡಿದ. ಅಷ್ಟು ದೊಡ್ಡ ತೋಟ ಬಿಟ್ಟು ಅಲ್ಲೇ ಯಾಕೆ? ನನ್ನನ್ನು ಸಿಕ್ಕಿಸಲು, ಇನ್ನೇನು!

ಮೊನ್ನೆ ಭಾನುವಾರ ಕೊನೆಯ ಕುಳಿಗೆ ಬಂದಾಗ ನಾನು ಒಂದೇಟು ಮುಂದಿದ್ದೆ. ಎಳನೀರು ಕಣ್ಣಿಗೆ ಕಟ್ಟುತ್ತಿತ್ತು. ಹೊಡೆದೆ. ಚೆಂಡು ಹೋಗಿ ಆ ಕಲ್ಲಿನ ಬುಡಕ್ಕೇ ಅಂಟಿಕೊಂಡಿತು. ನನಗೇನು ಭಯ? ಮನುಷ್ಯ ಕೂರಿಸಿದ ಕಲ್ಲು, ಅಲ್ಲಾಡುವುದಿಲ್ಲ, ರೂಲು ನನಗೂ ಬರುತ್ತದೆ. ಚೆಂಡು ಎತ್ತಲು ಬಗ್ಗಿದೆ.

"ಮುಟ್ಬೇಡ. ಆ ಕಲ್ಲಿಗೆ ಆ ರೂಲಿಲ್ಲ ಕಣ್ಲಾ. ಇದ್ದಂಗೇ ಹೊಡಿ."

ನನ್ನ ಮೈಯೆಲ್ಲ ಉರಿದುಹೋಯಿತು. ಪೈಪಿನ ಪೆಟ್ಟಿಗೆ ಅಡ್ಡಿ, ಈ ಕಲ್ಲು ಅಡ್ಡಿಯಲ್ಲವೇ? ಸಿಮೆಂಟ್ ಮೆತ್ತಿ ಕೂರಿಸಿದ್ದು ನೀನೇ ಅಲ್ಲವೇ? ಅದಕ್ಕವನು, ಇಂಥ ವಸ್ತು ಅಡ್ಡಿಯಲ್ಲ, ಮೈದಾನದ್ದೇ ಭಾಗ ಎಂದು ಕಮಿಟಿ ತೀರ್ಮಾನಿಸಬಹುದು, ಹಾಗೂ ಒಂದು ರೂಲಿದೆ ಎಂದ.

"ಯಾವುದು ಮಾವ ಕಮಿಟಿ?"

"ನಾನೇಯ."

ಕೋಲನ್ನು ಬೇಲಿಗೆ ಎಸೆದೆ. ಮುಂದಿನ ವಾರ ಜೆಸಿಬಿ ತಂದು ಈ ದರಿದ್ರ ಕಲ್ಲನ್ನು ಕಿತ್ತುಹಾಕದಿದ್ದರೆ ನನ್ನ ಹೆಸರು ಬದಲಾಯಿಸು ಎಂದು ಕೂಗಿದೆ. ಮಾವ ಗುಂಡಿಗೆ ಇಳಿದು ಕುಕ್ಕರಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲ್ಲಿನಿಂದ ಕಲ್ಲಿನ ಮೇಲಿದ್ದ ಮರಳು ಒರೆಸತೊಡಗಿದ.

"ಅವ್ಳು ಇರೋಗಂಟ ದಿನಾ ಅಡ್ಡ ಬರ್ಬೇಡ, ಅಡ್ಡ ಬರ್ಬೇಡ ಅಂತ ಬೈದೆ ಕಣ್ಲಾ," ಎಂದ. "ಈಗ್ಲೂ ಅಡ್ಡಿ ಅಂತ ಹೆಂಗನ್ಲಿ?"

ಬೇಲಿಯಿಂದ ಕೋಲು ಹುಡುಕಿ ತಂದೆ. ಚೆಂಡನ್ನು ಇದ್ದ ಹಾಗೇ ಹೊಡೆದೆ. ಅದು ಕಲ್ಲಿಗೆ ಬಡಿದು ನನ್ನ ಕಾಲ ಬುಡಕ್ಕೇ ಬಂತು. ಮತ್ತೆ ಹೊಡೆದೆ, ಮತ್ತೆ ಬಂತು. ಸೋತೆ. ಎಲ್ಲ ಗುಂಡಿಗಳ ಮರಳನ್ನೂ ಎಳೆದೆ, ಕಲ್ಲಿನ ಸುತ್ತ ಮಾತ್ರ ಕೈಯಲ್ಲೇ ಸವರಿದೆ. ಮಾವನ ಮೇಲಿನ ಸಿಟ್ಟೇನೂ ಇಳಿದಿಲ್ಲ, ಹೇಳಿಬಿಡುತ್ತೇನೆ. ಆದರೆ ಅತ್ತೆ ಇದ್ದಾಗಲೂ ಆ ಜಾಗದಿಂದ ಚೆಂಡು ಸುಲಭಕ್ಕೆ ಆಚೆ ಬರುತ್ತಿರಲಿಲ್ಲ.