ಮಾಸ್ತರರ ಫಿಯೆಟ್ಟಿಗೆ ಕೆನೆಬಣ್ಣ

ಡ್ಯಾನಿಯಲ್ ಮಾಸ್ತರರು ತೀರಿಕೊಂಡ ಸುದ್ದಿ ಧಾರವಾಡದ ಆ ಓಣಿಗೆ ಮುಟ್ಟಿದ ದಿನ ಎಲ್ಲರೂ ಅತ್ತರು. ಅವರ ತಮ್ಮ ಬೆಂಜಮಿನ್ ಮಾತ್ರ ಅಳುವುದರ ಜೊತೆಗೆ ಒಂದು ಮಾತನ್ನೂ ಆಡಿಬಿಟ್ಟ. ಕಷ್ಟ ಶುರುವಾದದ್ದು ಅಲ್ಲಿಂದ.

ಆಸ್ಪತ್ರೆಯಿಂದ ಫೋನು ಬಂದಾಗ ಬೆಳಗಿನ ಚಹಾ ಇನ್ನೂ ಒಲೆಯ ಮೇಲಿತ್ತು. ಮಾಸ್ತರರ ಹೆಂಡತಿ ಫ್ಲೋರೆನ್ಸಬಾಯಿ ಫೋನನ್ನು ಮೈದುನನ ಕೈಗೆ ಕೊಟ್ಟು, ಒಲೆ ಆರಿಸಿ, ಗೋಡೆಗೆ ಒರಗಿ ಕೂತುಬಿಟ್ಟರು. ಗಳಿಗೆಯಲ್ಲಿ ಮನೆ ತುಂಬ ಜನ. ಪಕ್ಕದ ಮನೆಯ ಬಿಂದುಮಾಧವರಾಯರು ಬಂದರು, ಅವರ ಹೆಂಡತಿ ಲಕ್ಷ್ಮೀಬಾಯಿ ಬಂದರು, ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿದರು. ಬೆಂಜಮಿನ್ ಮದುವೆಯ ಗೊಡವೆಗೆ ಹೋಗದೆ ಅಣ್ಣನ ನೆರಳಿನಲ್ಲೇ ತಲೆ ನರೆಸಿಕೊಂಡವನು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದ್ದು ಬಿಟ್ಟರೆ ಅವನ ಕೈ ಬೇರೆ ಕಸುಬು ಕಂಡಿರಲಿಲ್ಲ. ಅಂಥವನು ಎಲ್ಲರ ನಡುವೆ ಎದ್ದು ನಿಂತು, ತಾನು ವೈನಿ ಎಂದು ಕರೆಯುತ್ತಿದ್ದ ಅತ್ತಿಗೆಯ ಕಡೆ ನೋಡಿ ಬಿಕ್ಕುತ್ತ ಹೇಳಿದ:

"ಅಣ್ಣನ ಜೀವ ಆ ಫಿಯೆಟ್ ಗಾಡಿ ಮ್ಯಾಲ ಇತ್ರಿ. ಅದಕ್ಕ ಕೆನಿ ಬಣ್ಣಾ ಹಚ್ಚಿಸಿ, ವೈನಿನ್ನ ಕೂಡಿಸ್ಕೊಂಡು ಚರ್ಚಿಗೆ ಹೋಗಬೇಕಂತ ಕಡೀತನಕಾ ಅಂದಾ. ಅಂವನ ಸ್ಮರಣಿ ಆರಾಧನಿ ದಿವಸ ಅದ ಗಾಡ್ಯಾಗ ವೈನಿನ್ನ ಕರಕೊಂಡು ಹೋಗ್ತೇನಿ. ಬಣ್ಣಾ ನನ್ನ ಕೈಯಾರೆ ನಾನ ಹಚ್ತೇನಿ!"

ದುಃಖದಲ್ಲಿ ಆಡಿದ ಮಾತು. ಅಂಥದ್ದನ್ನು ದೇವರು ಕ್ಷಮಿಸಿ ಮರೆಯುತ್ತಾನೆ, ಓಣಿಯವರು ಮರೆಯುವುದಿಲ್ಲ. ಮಣ್ಣು ಮುಗಿಸಿ ಬರುವ ದಾರಿಯಲ್ಲೇ ಇಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೊ. ಬ್ರಷ್ಶಿನಿಂದ ಹಚ್ತೀಯೋ, ಮಷಿನ್ನಿಂದೋ?" ಎಂದು ಕೇಳಿದರು. ಅದೇ ವಾರ ಚರ್ಚಿನಲ್ಲೂ ಸುದ್ದಿಯಾಯಿತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಗಾಡಿ ಹಳೇ ಹುಬ್ಬಳ್ಳಿಯ ಕುಬೇರಪ್ಪನ ಗ್ಯಾರೇಜಿನಲ್ಲಿತ್ತು. ಮಾಸ್ತರರೇ ಅದನ್ನು ತಗಡಿನ ತಗ್ಗು ತಿದ್ದಿಸಲು ಬಿಟ್ಟಿದ್ದರು. "ಬಣ್ಣಾನೂ ನಾವ ಹೊಡದು ಕೊಡ್ತೇವ್ರಿ," ಎಂದು ಕುಬೇರಪ್ಪ ಪರಿಪರಿಯಾಗಿ ಹೇಳಿದ. ಬೆಂಜಮಿನ್ ಒಪ್ಪಲಿಲ್ಲ. ಆರಾಧನೆ ಭಾನುವಾರ. ಶುಕ್ರವಾರ ಸಂಜೆ ಗ್ಯಾರೇಜಿನವರು ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ತಂದು ಅಂಗಳದಲ್ಲಿ ಇಳಿಸಿ ಹೋದರು. ಸೀಟಿಲ್ಲ, ಬಂಪರಿಲ್ಲ, ನಂಬರ್ ಪ್ಲೇಟಿಲ್ಲ. ಮೈಗೆಲ್ಲ ಬೂದುಬಣ್ಣದ ಪ್ರೈಮರ್ ಬಳಿಸಿಕೊಂಡು, ಜವಳ ತೆಗೆಸಿಕೊಂಡ ಕೂಸಿನ ಹಾಗೆ ಬೆಪ್ಪಾಗಿ ನಿಂತಿತ್ತು.

ಫ್ಲೋರೆನ್ಸಬಾಯಿ ಹೊರಗೆ ಬಂದು ಗಾಡಿಯ ಬಾಗಿಲು ತೆರೆದು ಮುಚ್ಚಿದರು. ಒಂದೇ ಸಲಕ್ಕೆ ಚಿಲಕ ಹತ್ತಿತು.

"ಬೆನ್ನಿ, ನಿಮ್ಮಣ್ಣ ಮೂರು ಸಲ ಬಡದ ಮ್ಯಾಲ ಹತ್ತೂ ಬಾಗಲಾ ಅಲ್ಲೇನೋ ಇದು!"

"ಕುಬೇರಪ್ಪನ ಕೈಗುಣ ವೈನಿ. ಕಾಚೂ ನೋಡ್ರಿ."

ಎಷ್ಟೋ ವರ್ಷದಿಂದ ಮಿಸುಕದಿದ್ದ ಕಿಟಕಿಯ ಗಾಜು ಸುಮ್ಮನೆ ಜಾರಿ ಇಳಿಯಿತು. ಫ್ಲೋರೆನ್ಸಬಾಯಿ ಕಣ್ಣೊರೆಸಿಕೊಂಡರು. "ಇಷ್ಟು ಛಲೋ ಆಗಿದ್ದನ್ನ ಅವರು ನೋಡಲಿಲ್ಲ."

ಶನಿವಾರ ಬೆಳಗಾಗುವಷ್ಟರಲ್ಲಿ ಬಿಂದುಮಾಧವರಾಯರು ಹಾಜರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ತಿಳಿಯದ ವಿಷಯ ಪ್ರಪಂಚದಲ್ಲಿ ಉಳಿದಿರಲಿಲ್ಲ.

"ಬೆಂಜಮಿನ್, ನೀ ಏನೂ ಕಾಳಜಿ ಮಾಡಬ್ಯಾಡ. ಯೂಟ್ಯೂಬಿನ್ಯಾಗ ಎಲ್ಲಾ ನೋಡಿಕೊಂಡು ಬಂದೀನಿ. ಹಚ್ಚಾಂವ ರಷ್ಯಾದಾಂವ. ಭಾಷಾ ತಿಳೀಲಿಲ್ಲ, ಆದ್ರ ಕೈ ತಿಳೀತು."

ಬಾಡಿಗೆಗೆ ತಂದ ಕಂಪ್ರೆಸರ್ ಗುಡುಗಿತು. ಬೆಂಜಮಿನ್ ದೇವರನ್ನು ನೆನೆದು ಸ್ಪ್ರೇ ಗನ್ನಿನ ಕುದುರೆ ಒತ್ತಿದ. ತೀರ ಹತ್ತಿರ ಹಿಡಿದಿದ್ದನಾದ್ದರಿಂದ ಬಣ್ಣ ಕರಗಿದ ಮೇಣಬತ್ತಿಯ ಹಾಗೆ ಬಾಗಿಲ ತುಂಬ ಸೋರಿ ಇಳಿಯಿತು.

"ದೂರ ಹಿಡಿ, ದೂರ!" ಎಂದರು ರಾಯರು. "ರಷ್ಯಾದಾಂವ ದೂರ ಹಿಡಿದಿದ್ದ. ಇನ್ನೂ ದೂರ! ಇನ್ನೂ!"

ಬೆಂಜಮಿನ್ ಹಿಂದೆ ಹಿಂದೆ ಸರಿದು ಬಟ್ಟೆ ಒಗೆಯುವ ಕಲ್ಲಿಗೆ ಎಡವಿ ಬೆನ್ನಮೇಲೆ ಬಿದ್ದ. ಗನ್ನು ಆಕಾಶ ನೋಡಿತು. ಪೇರಲ ಗಿಡದ ಅರ್ಧ ಎಲೆಗಳು ಕೆನೆಬಣ್ಣಕ್ಕೆ ತಿರುಗಿದವು.

"ರಷ್ಯಾದಾಗ ಕಲ್ಲು ಇರಲಿಲ್ಲ," ಎಂದು ರಾಯರು ಒಪ್ಪಿಕೊಂಡರು.

ಸೋರಿದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದು ಎರಡನೆಯ ಸಲ ಶುರು ಮಾಡಿದರು. ಈ ಸಲ ಬಾನೆಟ್ಟಿನ ಮೇಲೆ ಬಣ್ಣ ಮುದ್ದಾಗಿ ಕೂರುತ್ತಿತ್ತು. ಅಷ್ಟರಲ್ಲಿ ಪಕ್ಕದ ಹಿತ್ತಲಲ್ಲಿ ಲಕ್ಷ್ಮೀಬಾಯಿ ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತರು. ಘಾಟು ಗೋಡೆ ಹಾರಿ ಬಂತು. ಬೆಂಜಮಿನ್ನನ ಮೂಗು ಅರಳಿತು, ಕಣ್ಣು ಮುಚ್ಚಿತು, ಇಡೀ ಮೈ ಒಂದೇ ಸೀನಾಗಿ ಸಿಡಿಯಿತು. ಕಣ್ಣು ಬಿಟ್ಟಾಗ ರಾಯರ ಮೀಸೆಯ ಎಡಭಾಗ ಕೆನೆಬಣ್ಣದ್ದಾಗಿತ್ತು.

"ಏನ್ರೀ ಇದು ಅವತಾರ!" ಎಂದು ಲಕ್ಷ್ಮೀಬಾಯಿ ಗೋಡೆಯಾಚೆಯಿಂದ ಇಣುಕಿದರು.

"ನೀ ಹುರೀಲಿಕ್ಕೆ ಇವತ್ತ ಮುಹೂರ್ತ ಸಿಕ್ಕಿತ್ತೇನು?" ಎಂದು ರಾಯರು ಕೂಗಿದರು. "ಬೆಂಜಮಿನ್, ಥಿನ್ನರ್ ಕೊಡು, ಒರಸ್ಕೊತೀನಿ."

"ಥಿನ್ನರ್ ಹಚ್ಚಿದ್ರ ಬಣ್ಣದ ಜೋಡಿ ಮೀಸಿನೂ ಹೋದೀತು. ಹಂಗ ಇರ್ರಿ, ಒಂದು ಕಡೆರೇ ಮಾರಿ ಬೆಳ್ಳಗಾಗೇದ," ಎಂದರು ಲಕ್ಷ್ಮೀಬಾಯಿ.

ನಗುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಮಧ್ಯಾಹ್ನದ ಗಾಳಿ ಎದ್ದು ಓಣಿಯ ಧೂಳನ್ನೆಲ್ಲ ಬಾಚಿಕೊಂಡು ಬಂದು ಹಸಿಬಣ್ಣದ ಮೇಲೆ ಸುರಿಯಿತು. ಗಾಳಿ ನಿಂತಾಗ ಮಾಸ್ತರರ ಫಿಯೆಟ್ ಸಕ್ಕರೆಯಲ್ಲಿ ಹೊರಳಾಡಿಸಿದ ಫೇಡಾ ಆಗಿ ನಿಂತಿತ್ತು.

ಬೆಂಜಮಿನ್ ಗನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದ. "ಆಗೂದಿಲ್ಲ ವೈನಿ. ಜನ್ಮದಾಗ ಅಣ್ಣಗಂತ ಒಂದ ಒಂದು ಕೆಲಸಾ ಮಾಡಾಕ ಹೋದೆ. ಅದೂ ಆಗವಲ್ದು. ನಾಳೆ ಯಾವ ಮಾರಿ ಹೊತ್ಕೊಂಡು ಚರ್ಚಿಗೆ ಹೋಗ್ಲಿ?"

ಫ್ಲೋರೆನ್ಸಬಾಯಿ ಬಂದು ಅವನ ಪಕ್ಕದಲ್ಲಿ ಕೂತರು. ಗೋಡೆಯಾಚೆ ಲಕ್ಷ್ಮೀಬಾಯಿ ಕೇಳಿಸಿಕೊಂಡರು. ಅವರ ಒಲೆ ಆರಿತು. ಸ್ವಲ್ಪ ಹೊತ್ತಿನಲ್ಲಿ ತಮ್ಮ ಹಳೆಯ ಇಲಕಲ್ ಸೀರೆಗಳ ಗಂಟು ಹೊತ್ತು ಗೇಟಿನಲ್ಲಿ ನಿಂತಿದ್ದರು. ಬೆನ್ನ ಹಿಂದೆ ಓಣಿಯ ಅರ್ಧ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಸೀರೆ.

"ಏಳ್ರಿ ಬೆಂಜಮಿನ್. ಗಿಡದಿಂದ ಕಂಬಕ್ಕ ಹಗ್ಗಾ ಕಟ್ರಿ. ಧೂಳು ಹೆಂಗ ಬರ್ತದೋ ನೋಡೋಣು."

ಸೀರೆಗಳ ಚಪ್ಪರ ಎದ್ದಿತು. ದಾರಿಯಲ್ಲಿ ಹೋಗುವವರು ನಿಂತು, "ಯಾರ ಲಗ್ನಾರಿ?" ಎಂದು ಕೇಳಿದರು. ಒಳಗೆ ರಾಯರು ನೀರು ಹನಿಸಿದರು, ಬೆಂಜಮಿನ್ ಧೂಳೆಲ್ಲ ಹೋಗುವವರೆಗೆ ಉಜ್ಜಿದ. ಆಮೇಲೆ ಗನ್ನು ಹಿಡಿದ. ಆಗ ಏನಾಯಿತೋ ದೇವರೇ ಬಲ್ಲ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದ ಕೈಗೆ ತನ್ನ ಹಳೆಯ ಲಯ ಸಿಕ್ಕಿತು. ಒಂದೇ ದೂರ, ಒಂದೇ ವೇಗ, ಹೋಗುವುದು, ಬರುವುದು. ರಾಯರು ಕೂಡ ಬಾಯಿ ಮುಚ್ಚಿಕೊಂಡು ನೋಡಿದರು.

ಒಣಗಲು ಬಿಟ್ಟಾಗ ಮತ್ತೊಂದು ಕಂಟಕ. ನಮ್ಮ ಜನ ಹಸಿಬಣ್ಣ ಎಂದರೆ ನಂಬುವುದಿಲ್ಲ, ಬೆರಳಿಟ್ಟು ನೋಡಲೇಬೇಕು. ಬೆಂಜಮಿನ್ 'ಮುಟ್ಟಬೇಡಿರಿ' ಎಂದು ರಟ್ಟಿನಲ್ಲಿ ಬರೆದು ತೂಗು ಹಾಕಿದ. ಅದನ್ನು ಓದಿ, ಸುಮ್ಮನೆ ಹೋಗುತ್ತಿದ್ದವರೂ ಒಳಗೆ ಬಂದರು. ಕೊನೆಗೆ ಫ್ಲೋರೆನ್ಸಬಾಯಿ ಒಂದು ಕೈಯಲ್ಲಿ ಬೈಬಲ್, ಒಂದು ಕೈಯಲ್ಲಿ ಕೋಲು ಹಿಡಿದು ಗಾಡಿಯ ಮುಂದೆ ಕುರ್ಚಿ ಹಾಕಿಕೊಂಡರು. ಕೀರ್ತನೆ ಓದುತ್ತಲೇ, ಕಣ್ಣೆತ್ತದೆಯೇ, ಕೋಲು ಬೀಸಿದರು. ಮೊದಲ ಏಟು ಬಿಂದುಮಾಧವರಾಯರಿಗೆ ಬಿತ್ತು.

"ನಾ ಬರೇ ವಾಸನಿ ನೋಡ್ಲಿಕ್ಕತ್ತಿದ್ದೆ ಬಾಯಾರ!"

"ಬೆರಳಿಂದ ವಾಸನಿ ನೋಡ್ತೀರೇನು?"

ಹೊತ್ತು ಇಳಿದಾಗ ಸೀರೆಗಳನ್ನು ಬಿಚ್ಚಿದರು. ಗಾಡಿ ಹೊಸದಾಗಿ ಕಾಸಿದ ಹಾಲಿನ ಕೆನೆಯ ಹಾಗೆ ತಣ್ಣಗೆ ಹೊಳೆಯುತ್ತಿತ್ತು. ಒಬ್ಬ ಹೆಂಗಸು ಬಾಗಿಲಲ್ಲಿ ತನ್ನ ಮುಖ ನೋಡಿ ಕುಂಕುಮ ಸರಿಮಾಡಿಕೊಂಡಳು. ಆಮೇಲೆ ಚಪ್ಪಾಳೆ. ರಾಯರು ಬೆಂಜಮಿನ್ನನ ಕೈಯೆತ್ತಿ ಹಿಡಿದು, "ಇದನ್ನ ರಷ್ಯಾಕ್ಕ ಕಳಿಸಬೇಕು!" ಎಂದು ಸಾರಿದರು. ಬೆಂಜಮಿನ್ ಅಂದು ಇದ್ದಷ್ಟು ಎತ್ತರ ಹಿಂದೆಂದೂ ಇರಲಿಲ್ಲ. ಇನ್ನು ಕುಬೇರಪ್ಪ ಸೀಟು ತಂದು ಜೋಡಿಸುವುದೊಂದೇ ಬಾಕಿ.

ಆಗ ಓಣಿಯ ತುದಿಯಲ್ಲಿ ಒಂದು ಮದುವೆ ಬಂತು. ಮದುಮಕ್ಕಳಿಲ್ಲದ ಮದುವೆ. ಗುಲಾಬಿ ಬಣ್ಣದ ಫಿಯೆಟ್, ಬಾನೆಟ್ಟಿನ ಮೇಲೆ ಗರಿ ಬಿಚ್ಚಿದ ನವಿಲು, ಬಾಗಿಲುಗಳ ಮೇಲೆ ಬಂಗಾರದ ಬಳ್ಳಿ, ಬೆನ್ನ ಮೇಲೆ 'ಹಫೀಜ ಬ್ಯಾಂಡ್ ಕಂಪನಿ, ಕಮರಿಪೇಟೆ' ಎಂಬ ಬರಹ. ಅದು ಗೇಟಿನ ಮುಂದೆ ನಿಂತಿತು. ಸೀಟುಗಳ ಹೊರೆಯ ಅಡಿಯಿಂದ ಕುಬೇರಪ್ಪ ಇಳಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಸಾಹೇಬ್ರ, ಬಣ್ಣಾ ಹಚ್ಚಿಬಿಟ್ರೇನ್ರಿ?"

"ಯಾಕ, ಕಾಣವಲ್ದೇನು?"

"ಕಾಣಾಕತ್ತೈತ್ರಿ. ಅದಕ್ಕ ಕೇಳಿದೆ."

ಗಾಡಿ ನಡೆಸುತ್ತಿದ್ದವನೇ ಹಫೀಜ. ಅವನು ಇಳಿದು ಸಲಾಮು ಮಾಡಿ ಅಂದ: "ನನ್ನ ಗಾಡಿದು ಕಾಚು ಬೆಣ್ಣಿಹಂಗ ಇಳೀತಿತ್ರಿ ಸಾಬ್. ಮುಂಜಾನೆ ಗ್ಯಾರೇಜಿನಿಂದ ಇದನ್ನ ಒಯ್ದೆ. ಕಾಚು ತಿರುವಿ ತಿರುವಿ ಕೈ ಬಾತ್ವು. ಬಾಗಲಾ ಅಂತೂ ಹಾಕಿದ್ರ ಹತ್ತವಲ್ದು."

ಫ್ಲೋರೆನ್ಸಬಾಯಿ ಕುರ್ಚಿಯಿಂದ ಎದ್ದರು. ಗುಲಾಬಿ ಗಾಡಿಯ ಬಾಗಿಲು ಹಿಡಿದು ಒಮ್ಮೆ ಬಡಿದರು. ತೆರೆದುಕೊಂಡಿತು. ಮತ್ತೊಮ್ಮೆ ಬಡಿದರು. ತೆರೆದುಕೊಂಡಿತು. ಮೂರನೆಯ ಸಲ ಧಡ್ಡೆಂದು ಹತ್ತಿತು. ಅವರು ಕೈ ತೆಗೆಯಲಿಲ್ಲ.

"ಬೆನ್ನಿ, ನಮ್ಮ ಗಾಡಿ ಇದು."

ಕುಬೇರಪ್ಪ ಕೈ ಮುಗಿದ. "ಎರಡಕ್ಕೂ ಪ್ರೈಮರ್ ಹೊಡದು ಬಾಜೂಕ ಬಾಜೂಕ ನಿಲ್ಲಿಸಿದ್ದೆನ್ರಿ. ನಂಬರ್ ಪ್ಲೇಟ್ ಬಿಚ್ಚಿದ ಮ್ಯಾಲ ಫಿಯೆಟ್ಟೆಲ್ಲಾ ಒಂದ ಮಾರಿ. ಇದು ಹಫೀಜಂದು ಅಂತ ತಿಳದು ನವಿಲು ಬರದೆ, ಉಳಿದದ್ದು ನಿಮಗ ಕಳಿಸಿದೆ."

ಬಿಂದುಮಾಧವರಾಯರು ಎರಡು ಗಾಡಿಗಳ ನಡುವೆ ನಿಂತು ತೀರ್ಪು ಕೊಟ್ಟರು. "ಬೆಂಜಮಿನ್ ಆಡಿದ ಮಾತಿನ್ಯಾಗ ಎರಡು ಭಾಗ ಅವ. ಅಣ್ಣನ ಗಾಡಿ, ತಮ್ಮನ ಕೈಬಣ್ಣ. ಅಣ್ಣನ ಗಾಡಿ ಇಲ್ಲಿ ಅದ. ಕೈಬಣ್ಣ ಅಲ್ಲಿ ಅದ. ನಡುವ ನವಿಲು ಅದ."

ಹಫೀಜ ಕೆನೆಬಣ್ಣದ ಗಾಡಿಯ ಸುತ್ತ ಬಂದ. ಬಾಗಿಲಲ್ಲಿ ಮುಖ ನೋಡಿ ಟೋಪಿ ಸರಿಮಾಡಿಕೊಂಡ. "ಕುಬೇರಪ್ಪಾ, ಇಂಥಾ ಕೆಲಸಾ ನಿನ್ನ ಕೈಲೆ ಆಗ್ತಿರಲಿಲ್ಲ ಬಿಡು. ನನಗ ನವಿಲು ಬ್ಯಾಡ. ಇದ ಇರ್ಲಿ. ದೊಡ್ಡ ಮಂದಿ ಲಗ್ನಕ್ಕ ಇದನ್ನ ಒಯ್ತೇನಿ."

"ಮತ್ತ ನಮ್ಮ ಗತಿ?" ಎಂದ ಬೆಂಜಮಿನ್. ಅಳುವುದೊಂದು ಬಾಕಿ.

ಆಗ ಯಾರೂ ಎಣಿಸದ ಒಂದು ಸದ್ದು ಕೇಳಿತು. ಫ್ಲೋರೆನ್ಸಬಾಯಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಮಾಸ್ತರರು ಹೋದ ದಿನದಿಂದ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

"ನಮ್ಮ ಲಗ್ನದಾಗ ಒಂದು ಗುಲಾಬಿ ಹಾರಾನೂ ಬ್ಯಾಡಂದಿದ್ರು ನಿಮ್ಮಣ್ಣ. ಡೌಲು ಅಂದಿದ್ರು. ಈಗ ನೋಡು! ನಾಳೆ ಇದರಾಗ ಹೋಗೂಣು."

"ವೈನಿ! ಚರ್ಚಿಗೆ? ನವಿಲಾ ತಗೊಂಡು?"

"ನವಿಲಾ ಸೃಷ್ಟಿ ಮಾಡಿದಾಂವ ಯಾರು?"

ಬೆಂಜಮಿನ್ ತಲೆ ತಗ್ಗಿಸಿ, ಕುಬೇರಪ್ಪನ ಜೊತೆ ಸೀಟು ಇಳಿಸಲು ಹೋದ.

ಭಾನುವಾರ ಬೆಳಿಗ್ಗೆ ಎರಡು ಫಿಯೆಟ್ಟುಗಳು ಒಂದರ ಹಿಂದೊಂದು ಹೊರಟವು. ಮುಂದಿನ ಗುಲಾಬಿ ಗಾಡಿಯಲ್ಲಿ ಬಿಳಿ ಸೀರೆಯುಟ್ಟ ಫ್ಲೋರೆನ್ಸಬಾಯಿ ರಾಣಿಯ ಹಾಗೆ ನೆಟ್ಟಗೆ ಕೂತಿದ್ದರು. ಬೆಂಜಮಿನ್ ಸ್ಟೇರಿಂಗಿನ ಹಿಂದೆ ಎಷ್ಟು ಕುಗ್ಗಿದ್ದನೆಂದರೆ ಗಾಡಿ ತಾನೇ ನಡೆಯುತ್ತಿದೆ ಎಂದು ಜನ ತಿಳಿದರು. ಹಿಂದಿನ ಕೆನೆಬಣ್ಣದ ಗಾಡಿಯನ್ನು ಹಫೀಜ ನಡೆಸುತ್ತಿದ್ದ. ಅದರಲ್ಲಿ ಲಕ್ಷ್ಮೀಬಾಯಿ ಮತ್ತು ಎರಡು ಬಣ್ಣದ ಮೀಸೆಯ ರಾಯರು. ದಾರಿಯುದ್ದಕ್ಕೂ ಜನ ಬದಿಗೆ ಸರಿದು ದಾರಿ ಬಿಟ್ಟರು. ಮಾಸ್ತರರ ಹೆಂಡತಿ ಎಲ್ಲರಿಗೂ ಕೈಯೆತ್ತಿ ವಂದಿಸಿದರು.

ಚರ್ಚಿನ ಅಂಗಳದಲ್ಲಿ ಸಭೆಯವರೆಲ್ಲ ಕೆನೆಬಣ್ಣದ ಗಾಡಿಗೆ ಮುತ್ತಿಕೊಂಡರು. "ಎಂಥಾ ಕೆಲಸಾ! ಕನ್ನಡಿ ಆಗೇತಲ್ಲ! ಯಾರದಿದು?" ಎಂದು ಕೇಳಿದರು.

"ನಂದ್ರಿ," ಎಂದ ಹಫೀಜ ಎದೆಯುಬ್ಬಿಸಿ. ಸುಳ್ಳಲ್ಲವಲ್ಲ.

ಬೆಂಜಮಿನ್ ಬಾಯಿ ತೆಗೆಯುವಷ್ಟರಲ್ಲಿ ಜನ ಗುಲಾಬಿ ಗಾಡಿಯತ್ತ ತಿರುಗಿದರು. ಅಣ್ಣನ ಗಾಡಿಗೆ ತಮ್ಮ ತನ್ನ ಕೈಯಾರೆ ಬಣ್ಣ ಹಚ್ಚುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅವರು ನವಿಲನ್ನು ನೋಡಿದರು, ಬಂಗಾರದ ಬಳ್ಳಿ ನೋಡಿದರು, ಬೆಂಜಮಿನ್ನನನ್ನು ನೋಡಿದರು. ಹಿರಿಯರೊಬ್ಬರು ಬಂದು ಅವನ ಹೆಗಲು ತಟ್ಟಿದರು.

"ಇರ್ಲಿ ಬೆಂಜಮಿನ್. ದುಃಖದಾಗ ಮನಸ್ಸು ಹಿಂಗೂ ಆಗ್ತೈತಿ. ನವಿಲು ಮಾತ್ರ ಛಲೋ ತಗದಿ."

ಅವನು ವೈನಿಯತ್ತ ನೋಡಿದ, ಒಂದು ಮಾತು ಹೇಳಿಯಾರು ಎಂದು. ವೈನಿ ಹೇಳಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆಯಿತ್ತು, ಕೈ ಅವನ ತೋಳಿನ ಮೇಲಿತ್ತು. ಹಾಗೆಯೇ ಇಬ್ಬರೂ ಒಳಗೆ ಹೋಗಿ ಮೊದಲನೆಯ ಸಾಲಿನಲ್ಲಿ ಮೊಣಕಾಲೂರಿದರು. ಗಂಟೆ ನಿಂತಿತು. ಬೆಂಜಮಿನ್ ಕಣ್ಣು ಮುಚ್ಚಿದ.

"ಕರ್ತನೇ, ಗಾಡಿ ವಿಷಯ ಅಣ್ಣಗ ನಾನ ಬಂದು ಹೇಳ್ತೇನಿ, ಅಲ್ಲೀತನಕಾ ಅಲ್ಲಿ ಯಾರೂ ಹೇಳದಂಗ ನೋಡ್ಕೊ. ಭಾಳ ಒಳ್ಳೇ ಮನಿಷ್ಯಾ ಅಂವಾ. ಯಾರ ಮ್ಯಾಲೂ ದನಿ ಏರಿಸಿದಾಂವ ಅಲ್ಲ. ಅಂವನ ದಣಿವು ಆರಿಸು. ನಿನ್ನ ಬೆಳಕಿನ್ಯಾಗ ಅಂವಗೊಂದು ಜಾಗಾ ಕೊಡು. ನಿನ್ನ ದಾಸ ಡ್ಯಾನಿಯಲ್ಲನ ಆತ್ಮಕ್ಕ ನಿತ್ಯ ಶಾಂತಿ ಇರಲಿ. ಆಮೆನ್."