ಟೀ ಕುಡಿಯಲು ಹೋದ ಮೂರನೇ ಕಿಟಕಿಯ ಅಧಿಕಾರಿಗಳಿಗೆ

ಬೆಲೆಯೇರಿಕೆ ನೆರವು ಕೇಂದ್ರದ ಮೂರನೇ ಕಿಟಕಿಯನ್ನು ಅಲಂಕರಿಸಿದ್ದ, ಸದ್ಯ ಯಾವ ಜಾಗವನ್ನು ಅಲಂಕರಿಸಿದ್ದಾರೋ ತಿಳಿಯದ, ಮಾನ್ಯ ನೆರವು ಅಧಿಕಾರಿಗಳ ಸನ್ನಿಧಿಗೆ, ಅದೇ ಕಿಟಕಿಯ ಹೊರಗೆ ಅರ್ಧ ಗಂಟೆ ನಿಂತು ಒಳಗೆ ಏಳು ವಾರ ಕುಳಿತ ಕುಶನ್ ಕೆಲಸದವನು ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು.

ಮಾನ್ಯರೇ, ಮೊದಲು ತಮ್ಮ ಆರೋಗ್ಯ ವಿಚಾರಿಸುವುದು ನನ್ನ ಕರ್ತವ್ಯ. ಒಂದು ಲೋಟ ಟೀ ಕುಡಿಯಲು ಒಂಬತ್ತು ವಾರ ಹಿಡಿಯುತ್ತದೆಂದರೆ ಅದು ವಿಪರೀತ ಬಿಸಿಯಿದ್ದಿರಬೇಕು. ತಮ್ಮ ನಾಲಿಗೆ ಸುಟ್ಟಿಲ್ಲವೆಂದು ನಂಬಿದ್ದೇನೆ. ತಮ್ಮ ಮನೆಯ ವಿಳಾಸವನ್ನು ಕೊಡಲು ಕಚೇರಿಯವರು ಒಪ್ಪದ ಕಾರಣ, ಈ ಪತ್ರವನ್ನು ಊರಿನ ಎಲ್ಲ ಟೀ ಅಂಗಡಿಗಳ ಗೋಡೆಗೆ ಅಂಟಿಸುತ್ತಿದ್ದೇನೆ. ಎಲ್ಲಾದರೂ ಕಣ್ಣಿಗೆ ಬಿದ್ದರೆ, ಲೋಟ ಕೆಳಗಿಟ್ಟು ಓದಬೇಕಾಗಿ ಪ್ರಾರ್ಥನೆ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ನಾನು ಸೋಫಾ, ಕುರ್ಚಿಗಳಿಗೆ ಸ್ಪಂಜು ತುಂಬಿ ಬಟ್ಟೆ ಹೊದಿಸಿ ಬದುಕುವವನು. ಎಲ್ಲದರ ಬೆಲೆ ಏರಿದ ಮೇಲೆ ಜನ ಸ್ಪಂಜು ಹೊರಬಂದ ಸೋಫಾದ ಮೇಲೆ ಹಳೆಯ ಹೊದಿಕೆ ಹಾಸಿಕೊಂಡು ಕೂರುವುದನ್ನು ಕಲಿತರು. ನನ್ನ ಅಂಗಡಿಯಲ್ಲಿ ದಬ್ಬಣಕ್ಕೆ ತುಕ್ಕು ಹಿಡಿಯಿತು. ಮನೆಯಲ್ಲಿ ಹಾಲು ಅರ್ಧಕ್ಕಿಳಿದು ಬಾಡಿಗೆ ಒಂದೂವರೆ ಪಟ್ಟಿಗೆ ಏರಿತು. ಆಗ ನನ್ನ ಹೆಂಡತಿ, ದಿನಸಿ ಅಂಗಡಿಯ ಬಾಗಿಲಲ್ಲಿ ತಮ್ಮ ಕೇಂದ್ರದ ಪ್ರಕಟಣೆಯನ್ನು ಓದಿಕೊಂಡು ಬಂದು, "ಎರಡು ಬೀದಿ ಆಚೆಗೇ ನೆರವು ಸಿಗುತ್ತಂತೆ, ಹೋಗಿ ಕೇಳಿ ನೋಡಿ, ಕೇಳಿದ್ರೆ ಬಾಯೇನು ಸವೆಯಲ್ಲ" ಎಂದು ನನ್ನನ್ನು ಹೊರಡಿಸಿದಳು. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ತಮ್ಮ ಕಿಟಕಿಯ ಮುಂದೆ ನಿಂತೆ. ತಾವು ನನ್ನ ಅರ್ಜಿಯ ಇಪ್ಪತ್ತೇಳು ಅಂಕಣಗಳನ್ನೂ ತಾಳ್ಮೆಯಿಂದ ಓದಿ, ಕೊನೆಯಲ್ಲಿ "ಅರ್ಜಿದಾರರು ನೆರವಿಗೆ ಅರ್ಹ" ಎಂದು ಬರೆದು, ಪದ ಮುಗಿಯುವ ಮೊದಲೇ ಪೆನ್ನನ್ನು ಜೇಬಿಗೆ ಸಿಕ್ಕಿಸಿದಿರಿ.

ಆಮೇಲೆ ತಾವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ಇವ್ರೇ, ಎರಡೇ ನಿಮಿಷ ಒಳಗೆ ಬಂದು ಕೂತಿರಿ, ಟೀ ಕುಡಿದು ಬಂದ್ಬಿಡ್ತೀನಿ. ಮೇಲೆ ಕ್ಯಾಮೆರಾ ಹಾಕಿದ್ದಾರೆ, ಕುರ್ಚಿ ಖಾಲಿ ಕಂಡ್ರೆ ಗೈರುಹಾಜರಿ ಹಾಕುತ್ತೆ. ಅದು ಮುಖ ನೋಡಲ್ಲ, ಯಾರೋ ಕೂತಿದ್ರೆ ಸಾಕು." ನನ್ನ ಅರ್ಜಿಯ ಅರ್ಧ ಪದ ಇನ್ನೂ ಬಾಕಿ ಇರುವಾಗ ಇಲ್ಲವೆನ್ನಲು ನನಗೆ ಧೈರ್ಯ ಸಾಲಲಿಲ್ಲ. ಒಳಗೆ ಬಂದು ಕುಳಿತೆ. ಕುರ್ಚಿಯ ಎಡಭಾಗದಲ್ಲಿ ಸ್ಪಂಜು ಕುಸಿದಿತ್ತು; ಅದನ್ನು ವೃತ್ತಿಯವನಾಗಿ ಗಮನಿಸಿದೆನೇ ಹೊರತು, ಇಷ್ಟು ದಿನ ಅದರ ಮೇಲೆ ಕೂರಬೇಕಾದೀತೆಂದು ಊಹಿಸಿರಲಿಲ್ಲ.

ತಾವು ಹೋದ ಐದನೇ ನಿಮಿಷಕ್ಕೆ ಒಬ್ಬ ಅಜ್ಜಿ ಬಂದರು. ಸ್ವಲ್ಪ ಕಾಯಿರಿ ಎಂದೆ. ಅವರು ಕಾಯುತ್ತಲೇ ಕರೆಂಟ್ ಬಿಲ್ಲಿನ ಕಷ್ಟ ಹೇಳತೊಡಗಿದರು. ಮನೆಯಲ್ಲಿ ಹಗಲೂ ರಾತ್ರಿ ಓಡುವುದು ಫ್ರಿಜ್ ಒಂದೇ ಎಂದರು. ಅದರೊಳಗೆ ಏನಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ, "ಒಂದು ನಿಂಬೆಹಣ್ಣು ಇದೆಯಪ್ಪ. ಮಗಳು ಬಂದಾಗ ಬಾಗಿಲು ತೆಗೆದು ನೋಡ್ತಾಳೆ, ಖಾಲಿ ಕಾಣಬಾರದಲ್ಲ" ಎಂದರು. ಅವರ ಹಿಂದೆ ನಿಂತಿದ್ದಾಕೆ ಹೂವಿನ ಅಂಗಡಿಯವಳು. ತಣ್ಣನೆಯ ಕೋಣೆಯ ಬಾಡಿಗೆ ಏರಿದ್ದರಿಂದ ಅವಳ ಗುಲಾಬಿಗಳು ಮಧ್ಯಾಹ್ನದ ಹೊತ್ತಿಗೇ ತಲೆ ಬಾಗಿಸುತ್ತಿದ್ದವು. ನಾನು ಅಧಿಕಾರಿಯಲ್ಲದ ಕಾರಣ ನಿಯಮಗಳು ಗೊತ್ತಿರಲಿಲ್ಲ. ಹಾಗಾಗಿ ಹೂಗಳನ್ನು ಅಜ್ಜಿಯ ಫ್ರಿಜ್ಜಿನಲ್ಲಿಡಿ, ಬಿಲ್ಲನ್ನು ಇಬ್ಬರೂ ಹಂಚಿಕೊಳ್ಳಿ ಎಂದುಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಅಲ್ಲಿಂದಲೇ ಒಟ್ಟಿಗೆ ಹೊರಟರು. ಈಗ ಆ ಮಗಳು ಬಂದು ಬಾಗಿಲು ತೆಗೆದರೆ ಇನ್ನೂರು ಗುಲಾಬಿಗಳು ಕಾಣುತ್ತವೆ. ಅಮ್ಮನಿಗೆ ಈ ವಯಸ್ಸಿನಲ್ಲಿ ಯಾರೋ ಹೂ ಕಳಿಸುತ್ತಿದ್ದಾರೆಂದು ಅವಳು ವಾರಕ್ಕೆ ಎರಡು ಸಲ ಬಂದು ವಿಚಾರಿಸುತ್ತಾಳಂತೆ.

ಸಂಜೆಯಾದರೂ ತಾವು ಬರಲಿಲ್ಲ. ಮರುದಿನ ನನ್ನ ಅರ್ಧ ಪದವನ್ನು ಪೂರ್ತಿ ಮಾಡಿಸಿಕೊಳ್ಳಲು ಹೋದರೆ, ಬಾಗಿಲ ಕಾವಲುಗಾರ ಎದ್ದು ನಿಂತು, "ಇವತ್ತು ಹತ್ತು ನಿಮಿಷ ಲೇಟು ಸಾರ್, ಜನ ಆಗಲೇ ಕಾಯ್ತಿದ್ದಾರೆ" ಎಂದ. ನಾನು ಸಾಹೇಬನಲ್ಲ ಎಂದು ಹೇಳಿದೆ. "ಒಳಗೆ ಕೂತಿರೋರೇ ಸಾಹೇಬ್ರು, ನನಗೆ ಅಷ್ಟೇ ಹೇಳಿರೋದು" ಎಂದು ಅವನು ನನ್ನ ಊಟದ ಡಬ್ಬಿಯನ್ನು ಇಸಿದುಕೊಂಡು ಮುಂದೆ ನಡೆದ. ಮಾನ್ಯರೇ, ಡಬ್ಬಿ ಹೋದ ಕಡೆ ಹೋಗದೆ ನಾನಾದರೂ ಏನು ಮಾಡಲಿ?

ಹೀಗೆ ತಮ್ಮ ಸೇವೆ ತಮ್ಮ ಗೈರಿನಲ್ಲಿ ಸಾಂಗವಾಗಿ ನಡೆಯಿತು. ಗಿರಾಕಿಗಳಿಲ್ಲದ ಕ್ಷೌರಿಕ ಬಂದ; ಮನೆ ಮಾಲೀಕರು ಸದ್ದಿಗೆ ಬೈಯುವ ಪಿಟೀಲು ಮೇಷ್ಟ್ರು ಅದೇ ದಿನ ಬಂದರು. ಈಗ ಪಾಠ ಕ್ಷೌರದಂಗಡಿಯಲ್ಲಿ ನಡೆಯುತ್ತದೆ. ಹೊಸ ವಿದ್ಯಾರ್ಥಿಗಳ ಕಮಾನು ತಂತಿಗೆ ತಾಗಿದ ಕೂಡಲೇ ಕುರ್ಚಿಯಲ್ಲಿರುವವರ ಕೂದಲು ನೆಟ್ಟಗೆ ನಿಲ್ಲುವುದರಿಂದ ಕತ್ತರಿಸುವ ಕೆಲಸ ಅರ್ಧ ಸಮಯದಲ್ಲಿ ಮುಗಿಯುತ್ತಿದೆಯೆಂದು ಕ್ಷೌರಿಕ ಬಂದು ಹೇಳಿಹೋದ. ಅರ್ಜಿಯ ಇಪ್ಪತ್ತೇಳು ಅಂಕಣಗಳಲ್ಲಿ ಅಕ್ಕಪಕ್ಕದವರನ್ನು ಕುರಿತ ಅಂಕಣ ಒಂದೂ ಇಲ್ಲದ ಕಾರಣ ಇವನ್ನೆಲ್ಲ "ಇತರೆ" ಎಂಬಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ. ತಿಂಗಳ ಕೊನೆಗೆ ಮೇಲಿನ ಕಚೇರಿಯಿಂದ ತಮ್ಮ ಹೆಸರಿಗೆ ಪ್ರಶಂಸಾಪತ್ರ ಬಂತು: ಹಾಜರಾತಿ ನೂರಕ್ಕೆ ನೂರು, ನಡವಳಿಕೆ ಸೌಮ್ಯ. ಅಭಿನಂದನೆಗಳು. ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದೇನೆ. ಸಂಬಳವೂ ತಮ್ಮ ಖಾತೆಗೆ ಸರಿಯಾಗಿ ತಲುಪಿದೆಯಂತೆ, ಕೇಳಿ ಸಮಾಧಾನವಾಯಿತು.

ನನ್ನ ಮನೆಯಲ್ಲಿ ಮಾತ್ರ ಈ ಸುದ್ದಿ ಬೇರೆ ರೀತಿ ಕೆಲಸ ಮಾಡಿತು. ನಾನು ಕಿಟಕಿಯ ಒಳಗೆ ಕೂತಿದ್ದನ್ನು ಕಂಡ ಯಾರೋ ನನಗೆ ಸರ್ಕಾರಿ ನೌಕರಿ ಸಿಕ್ಕಿದೆಯೆಂದು ಸಾರಿದರು. ಸಂಬಳವಿಲ್ಲವೆಂದು ಹೇಳಲು ನನಗೆ ನಾಚಿಕೆಯಾಗಿ ಸುಮ್ಮನಿದ್ದೆ. ಅಧಿಕಾರಿಯೊಬ್ಬರು ತಮ್ಮ ಮನೆಯಲ್ಲಿರುವುದು ಹೆಮ್ಮೆಯ ಸಂಗತಿ ಎಂದು ಹೇಳಿ ಮನೆ ಮಾಲೀಕರು ಬಾಡಿಗೆ ಏರಿಸಿದರು. ನೌಕರಿಯವರಿಗೆ ಸಾಲ ಕೇಳಲು ಮುಜುಗರವಾಗುತ್ತದೆಂದು ದಿನಸಿ ಅಂಗಡಿಯವರು ತಾವಾಗಿಯೇ ಸಾಲದ ಪುಸ್ತಕದಿಂದ ನಮ್ಮ ಪುಟ ತೆಗೆದು ಉದ್ದರಿ ನಿಲ್ಲಿಸಿದರು. ಅಳಿಯನ ಏಳಿಗೆಯನ್ನು ಕಣ್ಣಾರೆ ನೋಡಲು ನನ್ನ ಅತ್ತೆ ಎರಡು ಪೆಟ್ಟಿಗೆಗಳೊಂದಿಗೆ ಬಂದಿಳಿದರು. ಹಗಲೆಲ್ಲ ಬೆಲೆಯೇರಿಕೆಯಿಂದ ಊರನ್ನು ಕಾಪಾಡಿ, ಸಂಜೆ ಐದರ ಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಯಾರಿಗೂ ಕಾಣದಂತೆ ದಿಂಬು ಹೊಲಿದು ಮನೆ ನಡೆಸಿದೆ.

ಐದನೇ ವಾರ ನನ್ನದೇ ಅರ್ಜಿ ನನ್ನ ಕೈಗೆ ಬಂತು. ನನಗೆ ನಾನೇ ನೆರವು ಕೊಟ್ಟುಕೊಳ್ಳುವುದು ನ್ಯಾಯವಲ್ಲವೆನಿಸಿ ಮೇಲಿನ ಕಚೇರಿಗೆ ಕಳಿಸಿದೆ. ಅವರು "ಸಂಬಂಧಪಟ್ಟ ಕಿಟಕಿಯವರು ಅರ್ಜಿದಾರರ ಮನೆಗೆ ಖುದ್ದಾಗಿ ಹೋಗಿ ವಿಚಾರಿಸಿ ತೀರ್ಮಾನಿಸಬೇಕು" ಎಂದು ಷರಾ ಬರೆದು ವಾಪಸು ಕಳಿಸಿದರು. ಆ ಭಾನುವಾರ ನಾನು ಹೊರಗೆ ಹೋಗಿ, ಚಪ್ಪಲಿ ಕಳಚಿ, ನನ್ನ ಮನೆಯ ಬಾಗಿಲನ್ನೇ ತಟ್ಟಿದೆ. ಅತ್ತೆ ತೆರೆದರು. ವಿಚಾರಣೆಗೆ ಬಂದಿದ್ದೇನೆ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ, "ನಮ್ಮ ಅಳಿಯಂದ್ರು ದೊಡ್ಡ ಸಾಹೇಬ್ರು. ಅವರಿಲ್ಲದೆ ನಾವು ಯಾವ ಆಫೀಸಿನವರಿಗೂ ಲೆಕ್ಕ ಕೊಡಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತರು. ಹೆಂಡತಿ ಅವರನ್ನು ಪಕ್ಕಕ್ಕೆ ಸರಿಸಿ ನನಗೆ ಸ್ಟೂಲು ಕೊಟ್ಟು, ಎದುರಿಗೆ ನೆಲದ ಮೇಲೆ ಕುಳಿತು, ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟಳು. ಮನೆಯ ಯಜಮಾನರು ಏನು ಮಾಡುತ್ತಾರೆ ಎಂಬ ಅಂಕಣ ಬಂದಾಗ ನನ್ನ ಮುಖವನ್ನೇ ನೋಡುತ್ತ, "ನಿಮ್ಮ ಆಫೀಸಿನಲ್ಲೇ ಇದ್ದಾರಂತೆ, ನೀವೇ ಬರ್ಕೊಳ್ಳಿ" ಎಂದಳು. ಬರೆದುಕೊಂಡೆ. ಯಜಮಾನ ನೆರವು ಕೇಂದ್ರದಲ್ಲೇ ಇರುವಾಗ ಆ ಮನೆಗೆ ನೆರವು ಸಲ್ಲದೆಂದು ನಿಯಮ ಸ್ಪಷ್ಟವಾಗಿತ್ತು. ತಾವು ಅರ್ಧಕ್ಕೆ ಬಿಟ್ಟ "ಅರ್ಹ"ದ ಮುಂದೆ "ರಲ್ಲ" ಎಂದು ನಾನೇ ಸೇರಿಸಿದೆ. ಮಾನ್ಯರೇ, ಇಷ್ಟು ದಿನಗಳಲ್ಲಿ ಆ ಕಿಟಕಿಯಿಂದ ತಿರಸ್ಕೃತವಾದದ್ದು ಅದೊಂದೇ ಅರ್ಜಿ.

ಏಳನೇ ವಾರದ ಒಂದು ಮಧ್ಯಾಹ್ನ, ಮುಂದಿನವರು ಬನ್ನಿ ಎಂದು ತಲೆಯೆತ್ತದೆ ಕರೆದು, ಸಮಸ್ಯೆ ಏನೆಂದು ಅಭ್ಯಾಸದಂತೆ ಕೇಳಿದೆ.

"ನಮ್ಮ ಮನೆಯವರಿಗೆ ಕೆಲಸ ಸಿಕ್ಕಿದೆ" ಎಂದಿತು ಎದುರಿನ ದನಿ. "ಅದೇ ಸಮಸ್ಯೆ."

ಹೆಂಡತಿ ಟೋಕನ್ ತೆಗೆದುಕೊಂಡು, ಎಲ್ಲರಂತೆ ಸಾಲಿನಲ್ಲಿ ಎರಡು ತಾಸು ನಿಂತು ಬಂದಿದ್ದಳು. ಅರ್ಜಿಯನ್ನೂ ತುಂಬಿದ್ದಳು. ಯಾವಾಗ ಗೊತ್ತಾಯಿತೆಂದು ಮೆಲ್ಲಗೆ ಕೇಳಿದೆ.

"ಮೂರನೇ ದಿನಾನೇ. ಸಂಬಳ ಇರೋ ಮನುಷ್ಯ ಅಷ್ಟು ಹೊತ್ತು ಬಾಗಿಲಲ್ಲಿ ಕಾಲೊರೆಸ್ತಾ ನಿಲ್ಲಲ್ಲ" ಎಂದಳು. ಹಾಗಾದರೆ ಯಾಕೆ ಕೇಳಲಿಲ್ಲ ಎಂದೆ. "ನೀವೇ ಹೇಳ್ತೀರ ಅಂತ ಕಾದೆ. ಬಾಗಿಲು ಎಳ್ಕೊಂಡು ದಿಂಬು ಹೊಲಿಯೋದು ಬೀದೀಗೆಲ್ಲ ಗೊತ್ತು. ನನ್ನ ಒಬ್ಬಳಿಗೆ ಗೊತ್ತಿಲ್ಲ ಅಂತ ನೀವು ತಿಳ್ಕೊಂಡಿರೋದೇ ನನಗೆ ಕಷ್ಟ ಆಗಿದ್ದು."

ನಾನು ಮೇಜಿನ ಮೇಲಿದ್ದ ಮೊಹರನ್ನು ಅತ್ತಿತ್ತ ಸರಿಸಿದೆ. ಬೇರೆಯವರಾಗಿದ್ದರೆ ಸಾಲಿನಲ್ಲಿ ಯಾರನ್ನಾದರೂ ಜೊತೆ ಮಾಡಿ ಕಳಿಸುತ್ತಿದ್ದೆ. ಈಕೆಗೆ ಜೊತೆಯಾಗಬೇಕಾದವನು ನಾನೇ, ನಾನೋ ಎದ್ದರೆ ಕುರ್ಚಿ ಖಾಲಿ. ಎದ್ದೇಳಲು ಆಗಲ್ಲ, ಮೇಲೆ ಕ್ಯಾಮೆರಾ ಇದೆ, ಅದು ಮುಖ ನೋಡದಿದ್ದರೂ ಖಾಲಿ ಕುರ್ಚಿ ನೋಡುತ್ತೆ ಎಂದು ಪಿಸುಗುಟ್ಟಿದೆ. ಹಾಗೆ ಹೇಳಿದ ಮೇಲೆ ನನಗೇ ನನ್ನ ಮಾತು ಕೇಳಿ ಅವಮಾನವಾಯಿತು.

ಅವಳ ಹಿಂದೆ, ನನಗೆ ಹೂ ಕೊಡಲು ಬಂದಿದ್ದ ಫ್ರಿಜ್ಜಿನ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಊರುಗೋಲು ಕುಟ್ಟುತ್ತ ಪಕ್ಕದ ಬಾಗಿಲಿಂದ ಒಳಗೇ ಬಂದುಬಿಟ್ಟರು. "ಏಳಪ್ಪಾ ಮೇಲೆ. ಅದು ಮುಖ ನೋಡಲ್ಲ ತಾನೆ? ನಾನು ಕೂತಿರ್ತೀನಿ. ಮನೇಲಿ ನಾನೇನು ಒಲೆ ಮೇಲೆ ಹಾಲಿಟ್ಟು ಬಂದಿಲ್ಲ." ಆಮೇಲೆ ಯಾರು ಕೂರುತ್ತಾರೆ ಎಂದೆ. "ನನ್ನ ಹತ್ರ ಕಷ್ಟ ಹೇಳ್ಕೊಳ್ಳೋಕೆ ಬಂದವರು ಕೂರ್ತಾರೆ. ಅವರಾದ ಮೇಲೆ ಅವರ ಮುಂದಿನವರು" ಎಂದು, ನಾನು ಅರ್ಧ ಎದ್ದಿರುವಾಗಲೇ ಪಕ್ಕದಿಂದ ನುಸುಳಿ ಕುಳಿತರು. ಕ್ಯಾಮೆರಾ ಮಿಟುಕಲಿಲ್ಲ. ನಾನು ಹೊರಗೆ ಬಂದೆ. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು. ಬೀದಿಯುದ್ದಕ್ಕೂ ಬಿಡಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ.

ಇದಾಗಿ ಹದಿನೈದು ದಿನವಾಯಿತು. ತಮ್ಮ ಕಿಟಕಿ ಅದೇ ಕ್ರಮದಲ್ಲಿ ನಡೆದಿದೆ. ನೆರವು ಕೇಳಲು ಬಂದವರು ಮುಂದಿನವರಿಗೆ ನೆರವು ಕೊಟ್ಟು ಎದ್ದು ಹೋಗುತ್ತಾರೆ. ಕ್ಷೌರಿಕ ತನ್ನ ಅಂಗಡಿಯ ಕುರ್ಚಿಗಳನ್ನು ನನ್ನ ಬಳಿ ತಂದಿಳಿಸಿದ್ದಾನೆ, ಬೀದಿಯವರು ಒಬ್ಬೊಬ್ಬರಾಗಿ ಸೋಫಾದ ಮೇಲಿನ ಹೊದಿಕೆ ಎತ್ತಿ ತೋರಿಸುತ್ತಿದ್ದಾರೆ, ನನ್ನ ಹೆಂಡತಿ ಅಂಗಡಿಯಲ್ಲೇ ಕುಳಿತು ಬಟ್ಟೆ ಕತ್ತರಿಸುತ್ತಾಳೆ. ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಬಾಗಿಲು ತೆರೆದಿಟ್ಟು ಹೊಲಿಯುತ್ತಿದ್ದೇನೆ ಎಂದಷ್ಟೇ ಬರೆಯಬಲ್ಲೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೆಚ್ಚಿಲ್ಲ. ತಮ್ಮ ನೂರಕ್ಕೆ ನೂರು ಹಾಜರಾತಿಯಲ್ಲಿ ಏಳು ವಾರವನ್ನು ನನ್ನ ಮನೆಯ ಹಾಜರಿಗೆ ಜಮಾ ಮಾಡಿಸಿಕೊಡಬೇಕು, ಹೆಂಡತಿಗೆ ತೋರಿಸಬೇಕಾಗಿದೆ. ಅತ್ತೆಯವರು ಪೆಟ್ಟಿಗೆ ಕಟ್ಟುವಂತೆ ನನ್ನನ್ನು ಅಧಿಕೃತವಾಗಿ ಕೆಲಸದಿಂದ ವಜಾ ಮಾಡಿದ ಆದೇಶವೊಂದನ್ನು, ನೇಮಕವೇ ಆಗಿರಲಿಲ್ಲವೆಂಬ ಸಣ್ಣ ತೊಡಕನ್ನು ಮನ್ನಿಸಿ, ಹೊರಡಿಸಬೇಕು. ಮತ್ತು ಮುಂದಿನ ಸಲ ಟೀಗೆ ಎದ್ದಾಗ ಬಾಡಿಗೆಯನ್ನೂ ಎಣ್ಣೆಯ ಬೆಲೆಯನ್ನೂ ದಯವಿಟ್ಟು ಜೊತೆಗೆ ಕರೆದೊಯ್ಯಬೇಕು. ತಮ್ಮ ಜೊತೆ ಹೋದದ್ದು ಬೇಗ ಹಿಂದಿರುಗುವುದಿಲ್ಲವೆಂಬ ಭರವಸೆ ಊರಿಗೆಲ್ಲ ಇದೆ.

ತಮ್ಮ ಕುರ್ಚಿಗೆ ಹೊಸ ಸ್ಪಂಜು ಹಾಕಿಕೊಟ್ಟು, ಅದರಲ್ಲಿ ಇನ್ನೆಂದೂ ಕೂರದ,
ತಮ್ಮ ವಿಶ್ವಾಸಿ,
ಕುಶನ್ ಕೆಲಸದವನು

ಮರೆತಿದ್ದ ಮಾತು: ಪತ್ರಕ್ಕೆ ಅಂಟು ಕಲಸುತ್ತಿರುವಾಗ ಕಾವಲುಗಾರ ಬಂದು, ತಮಗೆ ಬಡ್ತಿ ಸಿಕ್ಕಿ ಐದನೇ ಮಹಡಿಯ ದೊಡ್ಡ ಕೋಣೆ ಕೊಟ್ಟಿದ್ದಾರೆಂದು ತಿಳಿಸಿದ. ತುಂಬ ಸಂತೋಷ. ಆ ಕುರ್ಚಿಯಲ್ಲೂ ತಮ್ಮ ಬದಲು ಕೂರಲು ಅಜ್ಜಿ ಸಿದ್ಧ, ಆದರೆ ಅವರಿಗೆ ಅಷ್ಟು ಮೆಟ್ಟಿಲು ಹತ್ತಲಾಗುವುದಿಲ್ಲ. ಲಿಫ್ಟ್ ರಿಪೇರಿಯಾಗುವವರೆಗೆ ತಾವೇ ಒಂದೆರಡು ದಿನ ಬಂದು ಕೂರಲು ಸಾಧ್ಯವೇ ಎಂದು ಕೇಳಿದ್ದಾರೆ.